ಶಂಭುಲಿಂಗಪ್ಪನ ಇಪ್ಪತ್ತನಾಲ್ಕು ಅಕ್ಷರದ ಬೀಗ

ಶಂಭುಲಿಂಗಪ್ಪನಿಗೆ ಮೂರು ಕಾಯಿಲೆಗಳಿದ್ದವು: ಸಕ್ಕರೆ, ಬಿ.ಪಿ. ಮತ್ತು ನಂಜೇಶ. ಮೊದಲೆರಡಕ್ಕೆ ದಿನಕ್ಕೊಂದೊಂದು ಮಾತ್ರೆ ನುಂಗಿದರೆ ಸಾಕಿತ್ತು. ಮೂರನೆಯದಕ್ಕೆ ನಂಜನಗೂಡಿನ ಯಾವ ಔಷಧಿ ಅಂಗಡಿಯಲ್ಲೂ ಏನೂ ಸಿಗುತ್ತಿರಲಿಲ್ಲ.

ನಂಜೇಶ ಎಂದರೆ ಷಡ್ಡಕ. ಹೆಂಡತಿ ನಾಗರತ್ನಳ ತಂಗಿ ಮಧುಶ್ರೀಯ ಗಂಡ. ತಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಆಸಾಮಿ ಕೆಟ್ಟವನೇನಲ್ಲ. ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಶಂಭುಲಿಂಗಪ್ಪ ಬಾಯಿತುಂಬ ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದ. ಸಿಕ್ಕಿದಾಗಲೆಲ್ಲ ‘ಅಣ್ಣಾ’ ಎಂದು ಕರೆದು, ಕೂತಿದ್ದ ಕುರ್ಚಿ ಬಿಟ್ಟುಕೊಡುವವನ ಮೇಲೆ ಹೊಟ್ಟೆಕಿಚ್ಚುಪಡುವುದು ಎಷ್ಟು ಶ್ರಮದ ಕೆಲಸ ಎಂಬುದು ಪಟ್ಟವರಿಗೇ ಗೊತ್ತು. ಆದರೂ ಶಂಭುಲಿಂಗಪ್ಪ ಹದಿನೆಂಟು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಪಟ್ಟಿದ್ದ.

ಎಲ್ಲ ಶುರುವಾದದ್ದು ಒಂದು ಉಂಗುರದಿಂದ. ಮಧುಶ್ರೀಯ ಮದುವೆಯಲ್ಲಿ ಮಾವ ಚಿಕ್ಕಬಸಪ್ಪನವರು ನಂಜೇಶನ ಬೆರಳಿಗೆ ಕೆಂಪು ಕಲ್ಲಿನ ಉಂಗುರ ತೊಡಿಸಿದರು. ಅದಕ್ಕೆ ಮೂರು ವರ್ಷ ಮೊದಲು ಹಿರಿಯ ಅಳಿಯನಿಗೆ ಕೊಟ್ಟದ್ದು ಕೈಗಡಿಯಾರ. ಗಡಿಯಾರ ಮೂರನೇ ದೀಪಾವಳಿಗೇ ನಿಂತುಹೋಯಿತು. ಉಂಗುರ ನಿಲ್ಲುವ ವಸ್ತುವಲ್ಲ, ಇವತ್ತಿಗೂ ಹೊಳೆಯುತ್ತಿದೆ. ಇನ್ನೂ ಒಂದು ನೋವಿತ್ತು. ಮಾವ ಕಿರಿಯನನ್ನು ‘ಲೋ ನಂಜೇಶ’ ಎಂದು ಕರೆಯುತ್ತಿದ್ದರು, ಹಿರಿಯನನ್ನು ‘ಅಳಿಯಂದ್ರೇ’ ಎನ್ನುತ್ತಿದ್ದರು. (ಮರ್ಯಾದೆ ಕೊಟ್ಟು ದೂರ ಕೂರಿಸುವುದು ಎಂದರೆ ಇದೇ, ಎಂದು ಶಂಭುಲಿಂಗಪ್ಪ ಹೆಂಡತಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದ. ಅವಳು ಪ್ರತಿಸಲವೂ ಸಾರಿಗೆ ಒಗ್ಗರಣೆ ಹಾಕಲು ಎದ್ದುಹೋಗಿದ್ದಳು.) ಇಪ್ಪತ್ತೊಂದು ವರ್ಷದಲ್ಲಿ ಮಾವನ ಬಾಯಿಂದ ‘ನಂಜನಗೂಡಿನ ಅಳಿಯಂದ್ರು ಚೆನ್ನಾಗಿ ನೋಡಿಕೊಂಡರು’ ಎಂಬ ಒಂದೇ ಒಂದು ಮಾತು, ಅದೂ ನಂಜೇಶನ ಎದುರಿಗೆ, ಬಂದುಬಿಟ್ಟರೆ ಸಾಕಿತ್ತು. ಅದಕ್ಕಾಗಿ ಅವನು ತಾಂಡ್ಯದ ಕಾರ್ಖಾನೆಯ ಸ್ಟೋರ್ ಸೂಪರ್‌ವೈಸರ್ ಕೆಲಸವನ್ನೇ ಬಿಡಲೂ ತಯಾರಿದ್ದ. (ಬಿಡಬೇಕೆಂದು ಯಾರೂ ಕೇಳಿರಲಿಲ್ಲ.)

ಹೀಗಿರುವಾಗ ಮೂಗೂರಿನ ಮಾವನ ಮನೆಯ ಹೆಂಚು ಇಳಿಸಿ ಹೊಸದು ಹೊದಿಸುವ ಕೆಲಸ ಶುರುವಾಯಿತು. ಧೂಳಿಗೆ ಕೆಮ್ಮು ಬರುತ್ತದೆಂದು ಮಾವನ ಮಗ ಗುರು, ಅಪ್ಪನನ್ನು ಹದಿನೈದು ದಿನದ ಮಟ್ಟಿಗೆ ನರಸೀಪುರದ ಮಗಳ ಮನೆಗೆ ಬಿಟ್ಟುಬಂದ. ಸುದ್ದಿ ಕೇಳಿ ಶಂಭುಲಿಂಗಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸ್ವಲ್ಪ ಸೇರಿತು. ನಾಲ್ಕನೆಯ ದಿನ, ಶುಕ್ರವಾರ, ಚಿಕ್ಕಬಸಪ್ಪನವರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದುಕೊಂಡು, ಬಸ್ಸಿಳಿದು ನೇರ ನಂಜನಗೂಡಿನ ಮನೆಯ ಬಾಗಿಲಿಗೇ ಬಂದು ನಿಂತರು.

“ನರಸೀಪುರ ಸಾಕಾಯ್ತು ಕಣವ್ವ,” ಎಂದರು ಮಗಳಿಗೆ. “ಎಂಚಿನ ಕೆಲ್ಸ ಮುಗಿಯೋಗಂಟ ಇಲ್ಲೇ ಇರ್ತೀನಿ.”

ಶಂಭುಲಿಂಗಪ್ಪ ಆ ಮಾತನ್ನು ಕೇಳಿ ಒಳಗೆ ಹೋಗಿ, ಕನ್ನಡಿಯ ಮುಂದೆ ನಿಂತು, ತಲೆ ಬಾಚಿಕೊಂಡ. ಬಾಚುವಷ್ಟು ಕೂದಲಿರಲಿಲ್ಲ. ಆದರೂ ಗೆದ್ದವನು ಏನಾದರೂ ಮಾಡಬೇಕಲ್ಲ.

ಮಾವ ಯಾಕೆ ಎದ್ದುಬಂದರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಿಕ್ಕಬಸಪ್ಪನವರದ್ದು ಕಟ್ಟುನಿಟ್ಟಾದ ದಿನಚರಿ. ಬೆಳಿಗ್ಗೆ ಏಳಕ್ಕೆ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಪಡಸಾಲೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಮಠದಿಂದ ನೇರವಾಗಿ ಬರುವ ಪೂಜೆಯನ್ನು ಫೋನಿನಲ್ಲಿ ನೋಡುವರು. ಮಂಗಳಾರತಿಯ ಹೊತ್ತಿಗೆ ಫೋನನ್ನು ಗೋಡೆಗೆ ಒರಗಿಸಿಟ್ಟು ಎದ್ದುನಿಂತು ಕೈಮುಗಿಯುವರು. ಆಮೇಲೆ ಮೂಗೂರಿಗೆ ವಿಡಿಯೋ ಕಾಲ್ ಮಾಡಿ, ‘ಆ ಮೂಲೇಲಿ ಎಂಚು ವಾರೆ ಆಗದೆ ನೋಡ್ಲಾ’ ಎಂದು ಇಲ್ಲಿಂದಲೇ ಮೇಸ್ತ್ರಿಯನ್ನು ಗದರುವರು. ಅವರ ಫೋನಿಗೆ ಹಾಕಿಸಿದ್ದು ಮಾತಿನ ಕರೆನ್ಸಿ ಮಾತ್ರ. ಉಳಿದದ್ದಕ್ಕೆಲ್ಲ ಇದ್ದ ಮನೆಯ ವೈಫೈ.

ಶಂಭುಲಿಂಗಪ್ಪನ ಮನೆಯ ವೈಫೈಗೆ ಪಾಸ್‌ವರ್ಡೇ ಇರಲಿಲ್ಲ. ಇಂಟರ್ನೆಟ್ ಲೈನಿನವನು ಗೋಡೆಗೆ ಹೊಡೆದ ಪೆಟ್ಟಿಗೆಯೊಂದು, ಅದರಿಂದ ಎಳೆದ ವೈರಿನ ತುದಿಗೆ ಎರಡು ಕೊಂಬಿನ ಬಿಳಿ ಪೆಟ್ಟಿಗೆ ಇನ್ನೊಂದು. ಕೊಂಬಿದ್ದದ್ದಕ್ಕೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಕೂರಿಸಿದ ದಿನ ಅವನು ಪಾಸ್‌ವರ್ಡ್ ಏನಿಡಲಿ ಎಂದಾಗ ನಾಗರತ್ನ, “ಅದನ್ನೆಲ್ಲ ಯಾರು ನೆನಪಿಟ್ಕತಾರೆ, ಬೇಡ ಬಿಡಪ್ಪ,” ಎಂದಿದ್ದಳು. ಬಂದವರ ಫೋನು ಬಾಗಿಲಲ್ಲೇ ತಾನಾಗಿ ಸೇರಿಕೊಳ್ಳುತ್ತಿತ್ತು.

ಶನಿವಾರ ಸಂಜೆ ಕಾಫಿಯ ಹೊತ್ತಿನಲ್ಲಿ ಮಾವ ಬಾಯಿ ತೆರೆದರು. “ನಂಜೇಶ ಅವ್ನ ಮನೆ ವೈಫೈಗೆ ಅದೇನ್ ಬಂದೋಬಸ್ತ್ ಮಾಡವ್ನೆ ಅಂತೀರಿ! ಅದಿನಾರು ಅಕ್ಷರದ ಪಾಸ್‌ವರ್ಡು. ಡಬ್ಲ್ಯುಪಿಎ ಟೂ ಅಂತೆ. ನಾನು...”

“ಮಾವ, ಇನ್ನೊಂದು ಚಕ್ಕುಲಿ ತಗೊಳ್ಳಿ,” ಎಂದ ಶಂಭುಲಿಂಗಪ್ಪ. ನಂಜೇಶನ ಹೆಸರಿನಿಂದ ಶುರುವಾದ ಯಾವ ವಾಕ್ಯವನ್ನೂ ಕೊನೆ ಮುಟ್ಟಲು ಬಿಡುವುದು ಅವನ ಪದ್ಧತಿಯಲ್ಲಿರಲಿಲ್ಲ.

ಚಕ್ಕುಲಿ ಮುಗಿಸಿ ಮಾವ ಮತ್ತೆ, “ಆ ನಂಜೇಶ ನೋಡಿ...” ಎಂದರು.

“ನಾಗು, ಮಾವನಿಗೆ ನೀರು!”

ಆದರೆ ಹದಿನಾರು ಅಕ್ಷರ ಕಿವಿಗೆ ಬಿದ್ದಾಗಿತ್ತು. ಶಂಭುಲಿಂಗಪ್ಪನ ಹೊಟ್ಟೆಯಲ್ಲಿ ಅದು ಚಕ್ಕುಲಿಯ ಪಕ್ಕದಲ್ಲೇ ಕೂತು ಉರಿಯತೊಡಗಿತು. ಕಳೆದ ದೀಪಾವಳಿಗೆ ಬಂದಾಗ ಇದೇ ನಂಜೇಶ ಇದೇ ಪೆಟ್ಟಿಗೆಯನ್ನು ಸಂತೆಯಲ್ಲಿ ಬದನೆಕಾಯಿ ನೋಡುವವನ ಹಾಗೆ ತಲೆಕೆಳಗು ಮಾಡಿ, ತಳದ ಚೀಟಿಯ ಫೋಟೋ ಹಿಡಿದುಕೊಂಡು, ‘ಇರಲಿ ಅಣ್ಣ, ಎಂದಾದ್ರೂ ಬೇಕಾಗುತ್ತೆ. ಹೀಗೆ ಬಯಲಲ್ಲಿ ಬಿಡಬಾರದು’ ಎಂದಿದ್ದ. ಬಯಲಲ್ಲಿ! ಈಗ ಮಾವನೂ ಹೋಲಿಸಿ ನೋಡುತ್ತಿದ್ದಾರೆ. ಇವತ್ತು ವೈಫೈ, ನಾಳೆ ಇನ್ನೇನೋ. ಹೀಗೇ ಬಿಟ್ಟರೆ ಮಾವ ಚೀಲ ಎತ್ತಿಕೊಂಡು ನರಸೀಪುರದ ಬಸ್ಸು ಹತ್ತುವುದು ಖಂಡಿತ.

ಭಾನುವಾರ ತಿಂಡಿಯಾದ ಮೇಲೆ ಶಂಭುಲಿಂಗಪ್ಪ ಭದ್ರತಾ ಕಾರ್ಯಾಚರಣೆಗೆ ಇಳಿದ. ಪೆಟ್ಟಿಗೆ ಮಗುಚಿ, ಟಾರ್ಚು ಬಿಟ್ಟು, ಚೀಟಿಯಲ್ಲಿದ್ದ ಗುಪ್ತಪದ ಓದಿ, ಫೋನಿನಲ್ಲಿ ಅದರ ಅಂತರಂಗಕ್ಕೆ ಪ್ರವೇಶ ಪಡೆದ. ಅಲ್ಲಿ ಸೆಕ್ಯುರಿಟಿ ಎಂಬುದರ ಎದುರಿಗೆ ‘ಏನೂ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವನಿಗೆ ಮೈಮೇಲೆ ಅಂಗಿಯಿಲ್ಲದೆ ಪೇಟೆಗೆ ಹೋದಷ್ಟು ನಾಚಿಕೆಯಾಯಿತು.

“ಅದೇನ್ರೀ ಬೆಳಿಗ್ಗೇನೇ ಆ ಪೆಟ್ಟಿಗೆ ಹಿಡ್ಕಂಡು ಕೂತಿದ್ದೀರಾ?” ಎಂದಳು ನಾಗರತ್ನ.

“ಎನ್‌ಕ್ರಿಪ್ಷನ್ ಹಾಕ್ತಾ ಇದ್ದೀನಿ.”

“ಅಂದ್ರೆ?”

“ಗಾಳೀಲಿ ಹೋಗೋದನ್ನ ಹೊರಗಿನವರಿಗೆ ಗೊತ್ತಾಗದ ಹಾಗೆ ಕಲಸಿಬಿಡೋದು. ಇಲ್ಲದಿದ್ರೆ ಕದ್ದುಬಿಡ್ತಾರೆ.”

“ನಮ್ಮನೆ ಗಾಳೀಲಿ ಹೋಗೋದು ನನ್ನ ಸೀರಿಯಲ್ಲು, ಅಪ್ಪನ ಪೂಜೆ. ಕದ್ದವನು ಏನು ಮಾಡ್ತಾನೆ, ಕೈಮುಗೀತಾನೆ ಅಷ್ಟೆ!”

“ನಿನಗೆ ತಿಳಿಯಲ್ಲ ಬಿಡು. ನರಸೀಪುರದಲ್ಲಿ ಹಾಕಿಲ್ವಾ?”

“ಓ,” ಎಂದಳು ನಾಗರತ್ನ. ಹದಿನೆಂಟು ವರ್ಷದ ಅನುಭವ ಅವಳಿಗೂ ಇತ್ತು. “ಹಂಗನ್ನಿ ಮತ್ತೆ. ಹಾಕಿ, ಹಾಕಿ.”

ಅಲ್ಲಿದ್ದ ಬೀಗಗಳ ಪಟ್ಟಿಯಲ್ಲಿ ಡಬ್ಲ್ಯುಪಿಎ ಟೂ ಇತ್ತು, ಅದರ ಕೆಳಗೆ ಡಬ್ಲ್ಯುಪಿಎ ತ್ರೀ ಇತ್ತು. ಯೋಚಿಸುವುದೇನಿದೆ? ನಂಜೇಶನದ್ದು ಎರಡು, ತನ್ನದು ಮೂರು. ಪಾಸ್‌ವರ್ಡಿಗೆ ಬಂದಾಗ ಮಾತ್ರ ಕೊಂಚ ಹೊತ್ತು ಗೋಡೆ ನೋಡಿದ. ನಂಜೇಶನದ್ದು ಹದಿನಾರಾದರೆ ತನ್ನದು ಇಪ್ಪತ್ತಾದರೂ ಇರಬೇಕು, ಮರೆಯಲೂಬಾರದು. ಮರೆಯದ ಮಾತು ಅವನಲ್ಲಿ ಒಂದೇ ಒಂದಿತ್ತು. ‘ನಂಜೇಶನಿಗಿಂತ ನಾನೇ ಮೇಲು.’ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬೆರಳು ಮಡಿಸಿ ಎಣಿಸಿದ. ಸರಿಯಾಗಿ ಇಪ್ಪತ್ತನಾಲ್ಕು! ದೇವರೇ ಒಪ್ಪಿಗೆ ಕೊಟ್ಟ ಹಾಗಾಯಿತು. ಪೆಟ್ಟಿಗೆಯ ಅಂತರಂಗದ ಬಾಗಿಲಿಗೂ ಅದನ್ನೇ ಜಡಿದ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಒಂದು ಬೀಗ ಸಾಲದು. ಕೆಳಗೆ ಇನ್ನೊಂದು ಏರ್ಪಾಟು ಕಂಡಿತು. ಯಾವ ಯಾವ ಫೋನುಗಳಿಗೆ ಪ್ರವೇಶ ಎಂದು ಪಟ್ಟಿ ಬರೆದಿಟ್ಟರೆ, ಪಟ್ಟಿಯಲ್ಲಿಲ್ಲದವರು ಪಾಸ್‌ವರ್ಡ್ ಹೇಳಿದರೂ ಒಳಗೆ ಬರುವಂತಿಲ್ಲ. ಇದು ನರಸೀಪುರದಲ್ಲಿರಲು ಸಾಧ್ಯವೇ ಇಲ್ಲ! ಶಂಭುಲಿಂಗಪ್ಪ ಮೊದಲು ತನ್ನ ಫೋನಿನ ಹನ್ನೆರಡು ಅಂಕಿ-ಅಕ್ಷರದ ಗುರುತನ್ನು ಬರೆದುಕೊಂಡು (ಕನ್ನಡಕ ಅಡುಗೆಮನೆಯಲ್ಲಿತ್ತು, ಎದ್ದುಹೋದರೆ ನಾಗರತ್ನ ತೆಂಗಿನಕಾಯಿ ತುರಿಯಲು ಕೂರಿಸುವ ಅಪಾಯವಿತ್ತು), ಮಾವನದ್ದೂ ಹೆಂಡತಿಯದ್ದೂ ಆಮೇಲೆ ಸೇರಿಸಿದರಾಯಿತೆಂದು, ಸೇವ್ ಒತ್ತಿದ.

ಪೆಟ್ಟಿಗೆ ಒಮ್ಮೆ ಕಣ್ಣು ಮಿಟುಕಿಸಿ, ಆಜ್ಞೆಯನ್ನು ಶಿರಸಾವಹಿಸಿ, ಎಲ್ಲರನ್ನೂ ಹೊರಗೆ ಹಾಕಿತು. ಮೊದಲು ಹೋದವನು ಶಂಭುಲಿಂಗಪ್ಪ. ಎಂಟಿದ್ದ ಕಡೆ ಅವನು ಬಿ ಎಂದು ಬರೆದಿದ್ದ.

ಒಳಗೆ ಹೋಗಿ ಪಟ್ಟಿ ತಿದ್ದಬೇಕು. ಒಳಗೆ ಹೋಗಬೇಕಾದರೆ ಪಟ್ಟಿಯಲ್ಲಿರಬೇಕು. ಶಂಭುಲಿಂಗಪ್ಪ ಇದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಕಿಟಕಿಯ ಕುರ್ಚಿಯಿಂದ ದನಿ ಬಂತು. “ಅಳಿಯಂದ್ರೇ, ಮೇಸ್ತ್ರಿ ಮಕ ಇದ್ದಕ್ಕಿದ್ದಂಗೆ ನಿಂತೋಯ್ತಲ್ಲ!”

“ಸ್ವಲ್ಪ ಬಂದೋಬಸ್ತ್ ಕೆಲಸ ನಡೀತಿದೆ ಮಾವ.”

ನಾಗರತ್ನ ಸೆರಗಿಗೆ ಕೈ ಒರೆಸಿಕೊಂಡು ಬಂದಳು. “ಪಾಸ್‌ವರ್ಡ್ ಏನಿಟ್ರಿ? ಹೇಳಿ, ಅಪ್ಪನ ಫೋನಿಗೆ ಹಾಕ್ತೀನಿ.”

ಶಂಭುಲಿಂಗಪ್ಪ ಬಾಯಿ ತೆರೆದ. ಎದುರಿಗೆ ಮಾವ ಕೂತಿದ್ದರು. ಬಾಯಿ ಮುಚ್ಚಿದ. “ಅದು... ಗೋಪ್ಯವಾಗಿರಬೇಕು. ನಾನೇ ಒತ್ತಿಕೊಡ್ತೀನಿ.”

ಒಂದೊಂದೇ ಅಕ್ಷರ ಒತ್ತುತ್ತಿದ್ದರೆ ನಾಗರತ್ನ ಹೆಗಲ ಮೇಲಿಂದ ಓದುತ್ತಿದ್ದಳು. ಹದಿನೈದನೇ ಅಕ್ಷರಕ್ಕೆ ಹುಬ್ಬೇರಿಸಿದಳು. ಇಪ್ಪತ್ತನಾಲ್ಕನೆಯದಕ್ಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಅವಳು ತಂಗಿಗೆ ಫೋನು ಮಾಡುತ್ತಿರುವುದೂ ಕೇಳಿಸಿತು. ಫೋನಿನಲ್ಲಿ ಇಬ್ಬರೂ ಮಾತನಾಡುತ್ತಿರಲಿಲ್ಲ, ಬರೀ ನಗುತ್ತಿದ್ದರು.

ಮಾವನ ಫೋನು ‘ಪ್ರವೇಶವಿಲ್ಲ’ ಎಂದಿತು.

“ಯಾಕಂತೆ?” ಎಂದರು ಮಾವ.

“ಪಟ್ಟೀಲಿ ಇರೋರಿಗೆ ಮಾತ್ರ ಮಾವ,” ಎಂದುಬಿಟ್ಟ ಶಂಭುಲಿಂಗಪ್ಪ, ಗಾಬರಿಯಲ್ಲಿ.

ಚಿಕ್ಕಬಸಪ್ಪನವರು ಕನ್ನಡಕ ತೆಗೆದು ಮಡಿಚಿದರು. “ನಾನು ಪಟ್ಟೀಲಿ ಇಲ್ವಾ?”

ಶಂಭುಲಿಂಗಪ್ಪ ತನ್ನ ಫೋನಿನ ಡಾಟಾವನ್ನೇ ಮಾವನಿಗೆ ಹಂಚಲು ಹೋದ. ಅದೂ ಪಾಸ್‌ವರ್ಡ್ ಕೇಳಿತು. “ಬ್ಯಾಡ ಬುಡಿ,” ಎಂದು ಮಾವ ಎದ್ದುಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಸಂಜೆ ಕಾಫಿಗೂ ಏಳಲಿಲ್ಲ. ಶಂಭುಲಿಂಗಪ್ಪನಿಗೆ ನಿಜವಾಗಿಯೂ ಸಂಕಟವಾಯಿತು. ಇಪ್ಪತ್ತೊಂದು ವರ್ಷ ಕಾದು, ತಾನಾಗಿ ಮನೆಗೆ ಬಂದ ಮಾವನನ್ನು ತಾನೇ ಹೊಸ್ತಿಲಾಚೆ ನಿಲ್ಲಿಸಿದ್ದ.

ಫೋನಿನಲ್ಲಿ ಹುಡುಕಿ ಒಂದು ದಾರಿ ಕಂಡುಕೊಂಡ. ಪೆಟ್ಟಿಗೆಯ ಹಿಂದೆ ಸೂಜಿತೂತವಿದೆ, ಅದರೊಳಗೆ ಹತ್ತು ಸೆಕೆಂಡು ಪಿನ್ನು ಒತ್ತಿಹಿಡಿದರೆ ಅದು ಎಲ್ಲವನ್ನೂ ಮರೆತು ಹುಟ್ಟಿದ ದಿನದ ಸ್ಥಿತಿಗೆ ಬರುತ್ತದೆ. ಹಾಗೆ ಬಂದಾಗ ಕೇಳುವ ಪಾಸ್‌ವರ್ಡು ತಳದ ಚೀಟಿಯಲ್ಲೇ ಇರುತ್ತದೆ. ಸೋಮವಾರ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಏಳರ ಪೂಜೆಗೆ ಮುಂಚೆ ಎಲ್ಲ ಸರಿಮಾಡುವುದೆಂದು ತೀರ್ಮಾನಿಸಿದ.

ಆದರೆ ಅದು ಸೋಮವಾರ. ಆ ಮನೆಯಲ್ಲಿ ಸೋಮವಾರ ಬಂತೆಂದರೆ ಕರೆಂಟಿನಲ್ಲಿ ನಡೆಯುವ ಸಕಲ ವಸ್ತುಗಳಿಗೂ ವಿಭೂತಿ. ಮಿಕ್ಸಿಗೆ, ಫ್ರಿಜ್ಜಿಗೆ, ಸಂಪಿನ ಮೋಟಾರಿಗೆ. ಪೆಟ್ಟಿಗೆ ಕೆಟ್ಟದ್ದು ಯಾರದೋ ಕಣ್ಣು ತಗುಲಿಯೇ ಎಂದು ತಿಳಿದ ನಾಗರತ್ನ, ಗಂಡ ಸ್ನಾನಕ್ಕೆ ಹೋದಾಗ ಅದನ್ನೂ ಕೆಳಗಿಳಿಸಿದಳು. ಮಗುಚಿದರೆ ತಳದಲ್ಲಿ ಕೊಳಕಾದ ಚೀಟಿ. ಹೊಸ ಸ್ಟೀಲ್ ಪಾತ್ರೆಯ ಚೀಟಿ ಬಿಡಿಸುವ ವಿದ್ಯೆ ಗೊತ್ತಿರುವ ಯಾವ ಗೃಹಿಣಿಯೂ ಅದನ್ನು ಸಹಿಸುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ, ಐದು ನಿಮಿಷ ನೆನೆಸಿ, ನಾರಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಮೂರೆಳೆ, ತಳಕ್ಕೂ ಮೂರೆಳೆ ವಿಭೂತಿ ಬಳಿದು ಸ್ವಸ್ಥಾನದಲ್ಲಿ ಇಟ್ಟಳು.

ಶಂಭುಲಿಂಗಪ್ಪ ಬಂದವನೇ ಅವಳ ಸೀರೆಪಿನ್ನು ಇಸಿದುಕೊಂಡು ಚುಚ್ಚಿದ. ದೀಪಗಳು ಆರಿದವು, ಹತ್ತಿದವು. ಹೊಸ ಹೆಸರು ಕಾಣಿಸಿ ಪಾಸ್‌ವರ್ಡ್ ಕೇಳಿತು. ಟಾರ್ಚು ಹಿಡಿದು ಪೆಟ್ಟಿಗೆ ಮಗುಚಿದ.

“ಚೀಟಿ ಎಲ್ಲಿ?”

“ಯಾವ ಚೀಟಿ? ಓ ಅದಾ! ಎಷ್ಟು ಗಟ್ಟಿಯಾಗಿ ಅಂಟಿಸಿದ್ರು ಅಂತೀರಾ. ನೋಡಿ ಈಗ, ಹೆಂಗೆ ಫಳಫಳ ಅಂತಿದೆ!”

“ಏನೇ ಮಾಡಿದೆ ನೀನು! ಪಾಸ್‌ವರ್ಡ್ ಇದ್ದದ್ದೇ ಅದರಲ್ಲಿ ಕಣೇ!”

“ಬೀಗದಕೈಯನ್ನ ಬೀಗಕ್ಕೇ ಅಂಟಿಸಿರ್ತಾರೆ ಅಂತ ನನಗೇನ್ರೀ ಗೊತ್ತು? ಇದೇನಾ ನಿಮ್ಮ ಸೆಕ್ಯುರಿಟಿ?”

ಏಳು ಹೊಡೆಯಿತು. ಚಿಕ್ಕಬಸಪ್ಪನವರು ವಿಭೂತಿ ಧರಿಸಿ ಬಂದು ಕಿಟಕಿಯ ಪಕ್ಕ ಕೂತು, ಫೋನನ್ನು ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡರು. ಸೋಮವಾರದ ಪೂಜೆ ತಪ್ಪಿತು. ಏಳೂವರೆಗೆ ಎದ್ದು, ಒಣಗಲು ಹಾಕಿದ್ದ ಪಂಚೆ ಮಡಿಚಿ ಚೀಲದೊಳಗೆ ಇಟ್ಟರು.

“ಚೀಟಿ ಫೋಟೋ ನಂಜೇಶನ ಹತ್ರ ಇದೆಯಲ್ರೀ,” ಎಂದಳು ನಾಗರತ್ನ. “ದೀಪಾವಳೀಲಿ ತೆಗೆದಿದ್ನಲ್ಲ.”

“ಬೇಡ! ಹೊಸ ಪೆಟ್ಟಿಗೆ ತರ್ತೀನಿ. ಅವನನ್ನ ಮಾತ್ರ ಕೇಳಬೇಡ.”

“ಕೇಳಿಯಾಯ್ತು. ಆಗಲೇ ಹೊರಟ.”

ಎಂಟೂಮುಕ್ಕಾಲಿಗೆ ಬಾಗಿಲಲ್ಲಿ ಕಾರು ನಿಂತಿತು. ನಂಜೇಶ ಫೋಟೋ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಒಳ್ಳೆಯವನಲ್ಲವೇ, ತಾನೇ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಷಡ್ಡಕನ ಮುಂದೆ ನಿಂತು, ನಗು ತಡೆಯಲು ಬಹಳ ಪ್ರಯತ್ನಪಟ್ಟು ಹೇಳಿದ: “ಅಣ್ಣ, ನೀವೇ ಮೇಲು. ಯಾರು ಅಲ್ಲ ಅಂದ್ರು? ಈಗ ಆ ಪೆಟ್ಟಿಗೆ ಕೊಡಿ.”

ಶಂಭುಲಿಂಗಪ್ಪ ಕೊಟ್ಟ. ಭೂಮಿ ಬಾಯಿ ಬಿಡಲಿಲ್ಲ. ನಂಜೇಶ ಫೋಟೋ ನೋಡಿಕೊಂಡು ಎರಡು ನಿಮಿಷದಲ್ಲಿ ಎಲ್ಲ ಸರಿಮಾಡಿದ.

“ಆಯ್ತಾ?” ಎಂದರು ಮಾವ. “ಇನ್ನೂ ಪಾಸ್‌ವರ್ಡ್ ಕೇಳ್ತದಾ?”

“ಕೇಳ್ತದೆ ಮಾವ, ಎಂಟು ಅಂಕಿ. ಅಣ್ಣನಿಗೆ ಭದ್ರತೆ ಬೇಕಂತಲ್ಲ.” ನಂಜೇಶ ದನಿ ತಗ್ಗಿಸಿದ. “ನಮ್ಮನೇದು ಮಾತ್ರ ತೆಗೆದುಹಾಕಿದೀನಿ. ನೀವು ಬೇಜಾರು ಮಾಡ್ಕಂಡು ಎದ್ದುಬಂದ ದಿನಾನೇ. ಇನ್ನೇನೂ ಕೇಳಲ್ಲ, ಬನ್ನಿ.”

ಮಾವನ ಮುಖ ಅರಳಿತು. ಚೀಲ ಹೇಗೂ ತಯಾರಿತ್ತು.

“ಮಾವ, ನಾನೂ ತೆಗೀತೀನಿ! ಈಗಲೇ, ಒಂದೇ ನಿಮಿಷ!” ಎಂದು ಶಂಭುಲಿಂಗಪ್ಪ ಫೋನಿಗೆ ಕೈ ಹಾಕಿದ.

“ಬ್ಯಾಡ ಬ್ಯಾಡ. ನೀವು ಸೇಫಾಗಿರಿ,” ಎಂದು ಮಾವ ಕೊಡೆ ಎತ್ತಿಕೊಂಡರು. ಕಾರಿನ ಬಾಗಿಲ ಹತ್ತಿರ ನಿಂತು ಹಿಂದಿರುಗಿ ನೋಡಿದರು. “ಅಲ್ಲಾ ಅಳಿಯಂದ್ರೇ, ನಂಜೇಶ ವೈಫೈಗೆ ಅಂಥಾ ಬಂದೋಬಸ್ತ್ ಮಾಡವ್ನೆ ಅಂತ ಏಳಿದ್ನಲ್ಲ...”

ಅಭ್ಯಾಸಬಲದಿಂದ ಶಂಭುಲಿಂಗಪ್ಪನ ಬಾಯಿ ತೆರೆದುಕೊಂಡಿತು. ನಾಗರತ್ನ ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ನಂಜೇಶನ ಹೆಸರಿನಿಂದ ಶುರುವಾದ ವಾಕ್ಯವೊಂದನ್ನು ಅವನು ಜೀವನದಲ್ಲಿ ಮೊದಲ ಸಲ ಕೊನೆಯವರೆಗೆ ಕೇಳಿದ.

“...ಅದ್ಕೇ ನಾನು ಅಲ್ಲಿಂದ ಎದ್ದುಬಂದಿದ್ದು. ಇವ್ನು ದಿನಾ ರಾತ್ರಿ ಪಾಸ್‌ವರ್ಡ್ ಬದ್ಲಾಯಿಸ್ತಾನೆ, ದಿನಾ ಬೆಳಿಗ್ಗೆ ಒಸ ಅದಿನಾರು ಅಕ್ಷರ ಒತ್ತಬೇಕು ಅಂದ್ರೆ ದೇವರನ್ನ ಯಾವಾಗ ನೋಡೋದು? ಮೂರು ದಿನವೂ ಇವ್ನ ಮುಂದೆ ಅದನ್ನೇ ಏಳ್ತಿದ್ದೆ. ಲೋ ನಂಜೇಶ, ನಂಜನಗೂಡ್ ಅಳಿಯಂದ್ರ ಮನೆ ನೋಡ್ಲಾ, ಬಂದವರನ್ನ ಏನೂ ಕೇಳಕಿಲ್ಲ, ಬಾಗಿಲಲ್ಲೇ ಸೇರಿಸ್ಕತಾರೆ, ಚೆನ್ನಾಗಿ ನೋಡ್ಕತಾರೆ ಅಂತ.”

“ನಿಜ ಅಣ್ಣ,” ಎಂದ ನಂಜೇಶ. “ಕೇಳಿ ಕೇಳಿ ನನಗೂ ಹೊಟ್ಟೆ ಉರಿದುಹೋಯ್ತು. ಅದಕ್ಕೇ ಬೀಗ ತೆಗೆದೆ.”

ಇಪ್ಪತ್ತೊಂದು ವರ್ಷ ಕಾದಿದ್ದ ಮಾತು, ನಂಜೇಶನ ಎದುರಿಗೇ, ಅಕ್ಷರಶಃ ಬಂದಿತ್ತು. ಬಂದು ವಾರವಾಗಿತ್ತು. ಅದನ್ನು ವಾಪಸ್ಸು ತೆಗೆದುಕೊಳ್ಳುವಂತೆ ತಾನೇ ಮಾಡಿ ಒಂದು ದಿನವಾಗಿತ್ತು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಶಂಭುಲಿಂಗಪ್ಪ ಗೇಟು ಹಿಡಿದುಕೊಂಡೇ ನಿಂತಿದ್ದ.

ಅವತ್ತು ಮಧ್ಯಾಹ್ನ ನಾಗರತ್ನ, ಮತ್ತೆ ಇಂಥ ಪೇಚಾಟ ಬೇಡವೆಂದು, ತಂಗಿಯಿಂದ ಆ ಚೀಟಿಯ ಫೋಟೋ ತರಿಸಿಕೊಂಡಳು. ಝೆರಾಕ್ಸ್ ಅಂಗಡಿಯಲ್ಲಿ ಕಲರಿನಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಪಡಸಾಲೆಯಲ್ಲಿ ಪೆಟ್ಟಿಗೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಅಂಕಿಗಳು ಮುತ್ತಿನ ಹಾಗೆ ಸ್ಪಷ್ಟವಾಗಿ ಕಾಣುತ್ತವೆ. ಪೆಟ್ಟಿಗೆ ಹಿಡಿದಿರುವ ನಂಜೇಶನ ಬೆರಳುಗಳೂ, ಅದರಲ್ಲೊಂದರ ಮೇಲೆ ಕೆಂಪು ಕಲ್ಲಿನ ಉಂಗುರವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಬಂದವರೆಲ್ಲ ಪಾಸ್‌ವರ್ಡ್ ಬರೆದುಕೊಂಡು, ಉಂಗುರ ಬಹಳ ಚೆನ್ನಾಗಿದೆ, ಯಾರು ಕೊಟ್ಟದ್ದು ಎಂದು ಶಂಭುಲಿಂಗಪ್ಪನನ್ನು ಕೇಳುತ್ತಾರೆ.